ಇಂಜಿನಿಯರಿಂಗ್ ಶಿಕ್ಷಣದ ಮೊದಲ ಮೆಟ್ಟಿಲು



ವೈದ್ಯನಾದವನು ಇಂಜಿನಿಯರಿಂಗ್ ಶಿಕ್ಷಣದ ಬಗ್ಗೆ ಉಪನ್ಯಾಸ ಮಾಡುವುದು ಅಧಿಕಪ್ರಸಂಗವೆಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಆದರೆ ನಮ್ಮ ಅನೇಕ ಮನೆಗಳಲ್ಲಿ ಮಗನೋ ಮಗಳೋ ಇಂಜಿನಿಯರಿಂಗ್ ಕಾಲೇಜಿನ ಹೊಸ್ತಿಲಲ್ಲಿ ನಿಂತಿದ್ದಾರೆ. ಮೊದಲ ವರ್ಷ ಮುಗಿಯುವ ಮುನ್ನವೇ "ಇದು ನನಗೆ ಒಗ್ಗುವುದಿಲ್ಲ" ಎಂದು ಹಿಂದಿರುಗುವ ಮಕ್ಕಳೂ ಇದ್ದಾರೆ. ಆಗ ತಂದೆತಾಯಂದಿರು ಮಗುವಿನ ಬುದ್ಧಿಯನ್ನೋ ಶ್ರದ್ಧೆಯನ್ನೋ ಶಂಕಿಸುವುದುಂಟು. ಪಾಠಕ್ರಮವನ್ನು ಶಂಕಿಸುವವರು ವಿರಳ. ಇಂದಿನ ನನ್ನ ಮಾತು ಆ ಪಾಠಕ್ರಮವನ್ನು ಕುರಿತದ್ದು.

ಎಲೇನ್ ಸೀಮೋರ್ ಮತ್ತು ನ್ಯಾನ್ಸಿ ಹ್ಯೂಯಿಟ್ ಎಂಬ ವಿದುಷಿಯರು ಅಮೆರಿಕದ 7 ವಿದ್ಯಾಸಂಸ್ಥೆಗಳ 335 ವಿದ್ಯಾರ್ಥಿಗಳೊಡನೆ ದೀರ್ಘವಾಗಿ ಮಾತನಾಡಿ, 1997ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ವಿಜ್ಞಾನ, ಗಣಿತ, ಇಂಜಿನಿಯರಿಂಗ್ ಶಾಖೆಗಳನ್ನು ತೊರೆದವರಿಗೂ ಅಲ್ಲಿಯೇ ಉಳಿದವರಿಗೂ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ಅಂತರ ಅವರಿಗೆ ಕಾಣಲಿಲ್ಲ. ಬೋಧನೆ ಸರಿಯಿಲ್ಲವೆಂಬ ದೂರಂತೂ ಎರಡೂ ಗುಂಪುಗಳಲ್ಲಿ ಸಾಮಾನ್ಯವಾಗಿತ್ತು. ಹೋದವರೆಲ್ಲ ದಡ್ಡರೆಂಬ ನಂಬಿಕೆಗೆ ಆಧಾರವಿಲ್ಲವೆಂದಾಯಿತು.

ಹಳೆಯ ಪದ್ಧತಿಯ ಮೊದಲ ವರ್ಷವೆಂದರೆ ಕಲನಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ. ಇವು ಬೇಕೇ ಬೇಕು. ಆದರೆ ಇವು ಯಾವ ಕೆಲಸಕ್ಕೆ ಬೇಕು ಎಂಬುದು ತಿಳಿಯಲು ವಿದ್ಯಾರ್ಥಿ ಮೂರನೆಯ ವರ್ಷದವರೆಗೆ ಕಾಯಬೇಕಾಗುತ್ತಿತ್ತು. ವೈದ್ಯಶಿಕ್ಷಣದಲ್ಲಿಯೂ ಇದೇ ಕಥೆ. ನಮ್ಮ ಕಾಲದ ಎಂ.ಬಿ.ಬಿ.ಎಸ್. ಆರಂಭದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳದೇ ಆಳ್ವಿಕೆ. ರೋಗಿಯ ದರ್ಶನ ಆಮೇಲೆ. ಕೆನಡಾದ ಹ್ಯಾಮಿಲ್ಟನ್ ನಗರದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ಈ ಕ್ರಮವನ್ನೇ ತಿರುಗಿಸಿತು. ಅಲ್ಲಿ ವಿದ್ಯಾರ್ಥಿಗಳ ಪುಟ್ಟ ಗುಂಪಿನ ಮುಂದೆ ಮೊದಲು ರೋಗಿಯ ಸಮಸ್ಯೆಯನ್ನು ಇಟ್ಟರು. ಅದನ್ನು ಬಿಡಿಸಲು ಬೇಕಾದ ಶಾಸ್ತ್ರವನ್ನು ಅವರೇ ಹುಡುಕಿ ಓದತೊಡಗಿದರು. ಭಾರತದಲ್ಲಿಯೂ 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮ, ಮೊದಲ ವರ್ಷದಿಂದಲೇ ರೋಗಿಗಳ ಪರಿಚಯವನ್ನು ಕಡ್ಡಾಯ ಮಾಡಿತು. ನೀರಿಗಿಳಿಯದೆ ಈಜು ಬಾರದು ಎಂಬ ಅರಿವು ನಮ್ಮ ವೃತ್ತಿಗೆ ಬಂದದ್ದು ಹೀಗೆ.

ಇಂಜಿನಿಯರಿಂಗಿನಲ್ಲಿ ರೋಗಿಯ ಸ್ಥಾನದಲ್ಲಿ ಏನನ್ನಿಡಬೇಕು? ಒಂದು ನೈಜ ಉಪಕರಣವನ್ನು ಇಡಬಹುದು. ನನಗೆ ಚಿರಪರಿಚಿತವಾದ ಪಲ್ಸ್ ಆಕ್ಸಿಮೀಟರನ್ನೇ ತೆಗೆದುಕೊಂಡು 15 ವಾರಗಳ ಒಂದು ಪಾಠವನ್ನು ಕಲ್ಪಿಸಿಕೊಳ್ಳೋಣ. ಬೆರಳಿಗೆ ಸಿಕ್ಕಿಸುವ ಈ ಪುಟ್ಟ ಸಾಧನ 2020ರ ಕೋವಿಡ್ ಪಿಡುಗಿನಲ್ಲಿ ಮನೆಮನೆಗೂ ಬಂದಿತು.

ಮೊದಲ 2 ವಾರ ಸೂತ್ರಗಳ ಮಾತೇ ಬೇಡ. ಐದೈದು ಜನರ ತಂಡಗಳು ಉಪಕರಣವನ್ನು ಬಿಚ್ಚಿ ನೋಡಲಿ, ಪ್ರಶ್ನೆಗಳನ್ನು ಪಟ್ಟಿ ಮಾಡಲಿ. ಒಳಗೆ ಎರಡು ದೀಪಗಳಿವೆ: ಒಂದು ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು, ಇನ್ನೊಂದು ಸುಮಾರು 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಕಿರಣ. ಏಕೆ ಎರಡು? ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರಿಕೊಳ್ಳುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಕೆಂಪನ್ನು ಹೆಚ್ಚು ಹೀರಿಕೊಳ್ಳುತ್ತದೆ. ಈ ಉತ್ತರ ಬೇಕಾದಾಗ ಬೆಳಕಿನ ಭೌತಶಾಸ್ತ್ರವೂ ಲಾಗರಿದಮ್ಮೂ ತಾವಾಗಿಯೇ ತರಗತಿಗೆ ಬರುತ್ತವೆ.

ಮುಂದಿನ ಪ್ರಶ್ನೆ ಇನ್ನೂ ಸ್ವಾರಸ್ಯಕರ. ಚರ್ಮ, ಮೂಳೆ, ಅಭಿಧಮನಿಗಳೂ ಬೆಳಕನ್ನು ತಡೆಯುತ್ತವಲ್ಲ, ಅಪಧಮನಿಯ ರಕ್ತವನ್ನು ಮಾತ್ರ ಗುರುತಿಸುವುದು ಹೇಗೆ? ಜಪಾನಿನ ಇಂಜಿನಿಯರ್ ಟಕುವೊ ಅವೊಯಾಗಿ, ರಕ್ತಕ್ಕೆ ಬಣ್ಣ ಸೇರಿಸಿ ಹೃದಯದ ಕೆಲಸವನ್ನು ಬೆಳಕಿನಿಂದ ಅಳೆಯಲು ಹೊರಟಾಗ, ನಾಡಿಯ ಮಿಡಿತ ಅಳತೆಯನ್ನು ಕೆಡಿಸುತ್ತಿತ್ತು. ಆ ಕಾಟವನ್ನು ನಿವಾರಿಸುವ ಯತ್ನದಲ್ಲಿಯೇ, ಮಿಡಿಯುವ ಭಾಗವೆಂದರೆ ಅಪಧಮನಿಯ ರಕ್ತವೇ ಎಂಬುದು ಅವರಿಗೆ ಹೊಳೆಯಿತು. 1974ರಲ್ಲಿ ಈ ತತ್ತ್ವ ಬೆಳಕಿಗೆ ಬಂದಿತು. ಪ್ರತಿಯೊಂದು ಬಣ್ಣದಲ್ಲಿಯೂ ಮಿಡಿಯುವ ಭಾಗವನ್ನು ಸ್ಥಿರ ಭಾಗದಿಂದ ಭಾಗಿಸಿ, ಆ ಎರಡು ಫಲಗಳ ಅನುಪಾತವನ್ನು ತೆಗೆದರೆ ರಕ್ತದ ಆಮ್ಲಜನಕದ ಸುಳಿವು ಸಿಗುತ್ತದೆ. ಹೈಸ್ಕೂಲಿನ ಗಣಿತ ಪ್ರಾಣವುಳಿಸುವ ಬಗೆ ಇದು.

6ನೆಯ ವಾರದಿಂದ ಬ್ಯಾಟರಿ, ದೀಪ, ಬೆಳಕಿನ ಸಂವೇದಕ ಮತ್ತು ಒಂದು ಅಗ್ಗದ ಸರ್ಕ್ಯೂಟ್ ಬೋರ್ಡ್ ಬಳಸಿ ತಂಡಗಳು ನಾಡಿ ಎಣಿಸುವ ಸಾಧನವನ್ನು ಕಟ್ಟಲಿ. ಬೆರಳು ಅಲುಗಿದರೆ ಅಂಕಿ ಕುಣಿಯುತ್ತದೆ; ಅದನ್ನು ಸರಿಪಡಿಸಲು ಕಂಪ್ಯೂಟರ್ ಪ್ರೋಗ್ರಾಮ್ ಬರೆಯಬೇಕಾಗುತ್ತದೆ. ಅನಂತರ ಗಡಿಯಾರ ಹಿಡಿದು ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ, ತಮ್ಮ ಸಾಧನದ ಅಂಕಿಯೊಡನೆ ಹೋಲಿಸಲಿ. ಇದು ಕಲಿಕೆಗಾಗಿ ಕಟ್ಟಿದ್ದು, ಚಿಕಿತ್ಸೆಗೆ ಬಳಸತಕ್ಕದ್ದಲ್ಲ ಎಂಬ ವಿವೇಕವೂ ಪಾಠದ ಭಾಗವೇ.

ಕೊನೆಯ ವಾರಗಳಿಗೆ ಅತ್ಯಂತ ಗಂಭೀರವಾದ ವಿಷಯವನ್ನು ಉಳಿಸಿಕೊಳ್ಳಬೇಕು. ಅನುಪಾತದಿಂದ ಆಮ್ಲಜನಕದ ಶೇಕಡಾವಾರು ತಿಳಿಯಲು ಶುದ್ಧ ಸೂತ್ರವೊಂದೇ ಸಾಲದು. ಆರೋಗ್ಯವಂತ ಸ್ವಯಂಸೇವಕರ ಮೇಲೆ ಅಳೆದು ಮಾಡಿದ ಕೋಷ್ಟಕ ಬೇಕು. ಆ ಸ್ವಯಂಸೇವಕರು ಯಾರು? 2020ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ವರದಿಯೊಂದು, ಆಕ್ಸಿಮೀಟರು 92ರಿಂದ 96 ಎಂದು ಸಮಾಧಾನದ ಅಂಕಿ ತೋರಿಸುತ್ತಿದ್ದಾಗಲೇ ರಕ್ತದ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಪ್ರಸಂಗಗಳನ್ನು ಲೆಕ್ಕ ಹಾಕಿತು. ಅಂಥವು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಚರ್ಮದ ಬಣ್ಣ ಲೆಕ್ಕದಿಂದ ಪೂರ್ತಿ ಕಳೆದುಹೋಗುತ್ತದೆಂಬ ಭಾವನೆ ಹುಸಿಯಾಗಿತ್ತು. ಹದಿನೆಂಟರ ಹರೆಯದಲ್ಲಿ ಇದನ್ನು ತನ್ನ ಕೈಯಿಂದ ಕಟ್ಟಿದ ಉಪಕರಣದ ಮೂಲಕ ಅರಿತ ವಿದ್ಯಾರ್ಥಿ, ಮುಂದೆ ಯಾವ ಯಂತ್ರವನ್ನು ರೂಪಿಸಿದರೂ "ಇದನ್ನು ಯಾರ ಮೇಲೆ ಪರೀಕ್ಷಿಸಿದ್ದೇವೆ?" ಎಂದು ಕೇಳಿಯೇ ತೀರುತ್ತಾನೆ. ನಮ್ಮ ಮೈಬಣ್ಣದ ಮಕ್ಕಳಿಗೆ ಆ ಪ್ರಶ್ನೆಯ ಅಗತ್ಯವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಕೇವಲ ಕಲ್ಪನೆಯ ಮಾತಲ್ಲ. ಬೋಲ್ಡರಿನ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಮೊದಲ ವರ್ಷದವರಿಗೆ ತಂಡವಾಗಿ ಏನನ್ನಾದರೂ ನಿರ್ಮಿಸುವ ಪಾಠ ಆರಂಭವಾಯಿತು. ಅದನ್ನು ತೆಗೆದುಕೊಂಡವರು ಇಂಜಿನಿಯರಿಂಗಿನಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಉಳಿದರೆಂದು ಅಲ್ಲಿನ ಅಧ್ಯಾಪಕರು ಲೆಕ್ಕ ಸಮೇತ ವರದಿ ಮಾಡಿದ್ದಾರೆ. ಚೀಟಿಯೆತ್ತಿ ಗುಂಪು ಮಾಡಿದ ಪ್ರಯೋಗ ಅದಲ್ಲವಾದ್ದರಿಂದ, ವೈದ್ಯನಾಗಿ ನಾನು ಅದನ್ನು ಸ್ವಲ್ಪ ಎಚ್ಚರದಿಂದಲೇ ಓದುತ್ತೇನೆ. ಆದರೆ 2014ರಲ್ಲಿ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಉಪನ್ಯಾಸದ ತರಗತಿಗಳಲ್ಲಿ ನಪಾಸಾದವರು ಸುಮಾರು ಶೇ. 34, ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚುವ ತರಗತಿಗಳಲ್ಲಿ ಸುಮಾರು ಶೇ. 22 ಎಂದು ಕಂಡುಬಂದಿತು. ನಮ್ಮ ನಾಡಿನಲ್ಲಿಯೂ, ಹಿಂದಿನ ಬಿ.ವಿ.ಬಿ. ಕಾಲೇಜೇ ಬೆಳೆದು ಆದ ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, 'ಇಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್' ಎಂಬ ಹೆಸರಿನಲ್ಲಿ ಮೊದಲ ವರ್ಷದವರಿಗೆ ಇಂಥದೇ ಪಾಠವನ್ನು ರೂಪಿಸಿತು.

ಒಂದು ಎಚ್ಚರಿಕೆ. ಆಟಿಕೆಯ ರೋಬಾಟು ಓಡಿಸಿ ಚಪ್ಪಾಳೆ ತಟ್ಟಿಸಿದರೆ ಪಾಠ ಆಕರ್ಷಕವಾಯಿತೆಂದು ಭಾವಿಸಬಾರದು. ಉಪಕರಣದ ನೆಪದಲ್ಲಿ ಗಣಿತ ಗಟ್ಟಿಯಾಗದಿದ್ದರೆ ಅದು ಜಾತ್ರೆಯ ಗಮ್ಮತ್ತಷ್ಟೆ. ಸಾಧನ ಓಡಿತೇ ಎಂಬುದಕ್ಕಿಂತ, ಓಡದಿದ್ದರೆ ಏಕೆ ಓಡಲಿಲ್ಲವೆಂದು ವಿವರಿಸಿದ ವರದಿಗೆ ಹೆಚ್ಚು ಅಂಕ ಸಲ್ಲಬೇಕು. ವಿಭಾಗದ ಅನುಭವಿ ಅಧ್ಯಾಪಕರೇ ಮೊದಲ ವರ್ಷಕ್ಕೆ ಪಾಠ ಹೇಳಬೇಕು.

ಆದ್ದರಿಂದ, ಬಂಧುಗಳೇ, ಮಕ್ಕಳೊಡನೆ ಕಾಲೇಜು ನೋಡಲು ಹೋದಾಗ ಕಟ್ಟಡಗಳನ್ನೂ ಶ್ರೇಯಾಂಕವನ್ನೂ ನೋಡಿದ ಮೇಲೆ ಮೂರು ಮಾತು ಕೇಳಿ: ಮೊದಲ ವರ್ಷದಲ್ಲಿ ವಿದ್ಯಾರ್ಥಿ ತನ್ನ ಕೈಯಿಂದ ಏನು ಕಟ್ಟುತ್ತಾನೆ? ಅವನಿಗೆ ಪಾಠ ಹೇಳುವವರು ಯಾರು? ಸೋತ ಪ್ರಯತ್ನಕ್ಕೆ ಅಂಕವುಂಟೆ? ಅಂತೆಯೇ, ರಜೆಗೆ ಬಂದ ಮಗಳು ಬಾಡಿದ ಮುಖದಿಂದ ಕುಳಿತಿದ್ದರೆ, ಎಷ್ಟು ಅಂಕ ಬಂತೆಂದು ಕೇಳುವ ಮೊದಲು ಏನು ಮಾಡಿದೆ, ಏನು ಕಟ್ಟಿದೆ ಎಂದು ಕೇಳಿ. ಏನೂ ಕಟ್ಟಿಲ್ಲವೆಂದು ಆಕೆ ಹೇಳಿದರೆ, ದೋಷವನ್ನು ಅವಳಲ್ಲಿ ಹುಡುಕುವ ಆತುರ ಬೇಡ.