ಹಬ್ಬದ ದಿನಗಳಲ್ಲಿ ಅಂಗಡಿಯ ನೆಲ

ನಮ್ಮ ನಾಡಿನಲ್ಲಿ ವ್ಯಾಪಾರದ ಸುಗ್ಗಿಯೂ ಮಳೆಯೂ ಬಹುಮಟ್ಟಿಗೆ ಜೊತೆಯಾಗಿಯೇ ಬರುತ್ತವೆ. ಶ್ರಾವಣದ ವರಮಹಾಲಕ್ಷ್ಮೀ ವ್ರತದಿಂದ ಮೊದಲ್ಗೊಂಡು, ಗೌರಿ-ಗಣೇಶ ನವರಾತ್ರಿಗಳನ್ನು ದಾಟಿ ದೀಪಾವಳಿಯವರೆಗೆ, ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ ಗಿರಾಕಿಗಳ ಸಂದಣಿ ಏರುತ್ತಲೇ ಇರುವ ದಿನಗಳಲ್ಲಿಯೇ, ಮುಂಗಾರು ಹಿಂದೆ ಸರಿಯುತ್ತ ಹಿಂಗಾರು ಮುಂದೆ ಬರುತ್ತ ಬೀದಿಯ ಕೆಸರನ್ನು ಆರಗೊಡುವುದಿಲ್ಲ. ಸೀರೆಯನ್ನೋ ಪಾತ್ರೆಯನ್ನೋ ಕೊಳ್ಳಲು ಒಳಬಂದವರೆಲ್ಲರೂ ಆ ಬೀದಿಯ ಒಂದಂಶವನ್ನು ಕಾಲಿನಲ್ಲಿ ಹೊತ್ತು ತರುತ್ತಾರೆ; ಅಂಗಡಿಯ ನೆಲದ ಕೊಳೆಯಲ್ಲಿ ಬಹುಪಾಲು ಹೀಗೆ ಬಾಗಿಲಿನಿಂದಲೇ ಬಂದದ್ದು. ಆದಕಾರಣ ನೆಲದ ಶುಚಿತ್ವದ ಯೋಚನೆ ಮೊದಲಾಗತಕ್ಕದ್ದು ಹೊಸ್ತಿಲಿನಲ್ಲಿ, ರಾತ್ರಿ ಕದವಿಕ್ಕಿದ ಮೇಲೆ ಸುರಿಯುವ ಆಸಿಡ್ಡಿನಲ್ಲಿ ಅಲ್ಲ.

ಇದನ್ನು ಹಳೆಯ ಜವಳಿ ವರ್ತಕರು ಚೆನ್ನಾಗಿ ಬಲ್ಲವರಾಗಿದ್ದರು. ಬಿಳಿಯ ಹಚ್ಚಡ ಹೊದಿಸಿದ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವ ಅಂಗಡಿಗಳಲ್ಲಿ ಪಾದರಕ್ಷೆಗಳು ಮೆಟ್ಟಿಲ ಕೆಳಗೇ ಉಳಿಯುತ್ತಿದ್ದವು. ನಾಲ್ಕು ಅಂತಸ್ತಿನ ಮಳಿಗೆಗೆ ಆ ಕಟ್ಟಳೆ ಇಂದು ಸಾಧ್ಯವಿಲ್ಲದಿರಬಹುದು. ಆದರೆ ಕಾಲೊರಸನ್ನು ಹಾಸುವುದಂತೂ ಸಾಧ್ಯ. ಅದು ಬಾಗಿಲಲ್ಲಿಟ್ಟ ಅಂಗೈಯಗಲದ ತುಂಡಾದರೆ ಪ್ರಯೋಜನವಿಲ್ಲ, ಜನ ದಾಟಿಕೊಂಡೇ ಹೋಗುತ್ತಾರೆ. ಹೊರಗೆ ಕೆಸರನ್ನು ಕೆರೆಯುವ ಒರಟು ನಾರಿನ ಚಾಪೆ, ಒಳಗೆ ತೇವವನ್ನು ಹೀರುವ ಮೆತ್ತನೆಯ ಹಾಸು, ಎರಡೂ ಕೂಡಿ ನಾಲ್ಕಾರು ಹೆಜ್ಜೆ ಬೀಳುವಷ್ಟು ಉದ್ದವಿರಬೇಕು. ನೆನೆದು ತುಂಬಿದ ಹಾಸು ತಾನೇ ಕೊಳೆಯ ಆಕರವಾಗುವುದರಿಂದ ಬದಲಿಸಲು ಇನ್ನೊಂದು ಜೊತೆ ಒಣಗಿ ಸಿದ್ಧವಾಗಿರಬೇಕು.

ಕೆಸರಿಗಿಂತಲೂ ಕೇಡು ಮಾಡುವುದು ಅದರೊಳಗಿನ ಮರಳು. ಫ್ರೀಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು 1812ರಲ್ಲಿ ರೂಪಿಸಿದ ಕಾಠಿಣ್ಯದ ಮಾನದಲ್ಲಿ ಮರಳಿನ ಸ್ಫಟಿಕಶಿಲೆಗೆ 7ನೆಯ ಸ್ಥಾನ. ಅಮೃತಶಿಲೆಯ ಮುಖ್ಯದ್ರವ್ಯವಾದ ಕ್ಯಾಲ್ಸೈಟಿಗೆ 3ನೆಯದು. ಸಾವಿರಾರು ಪಾದಗಳ ಕೆಳಗೆ ಸಿಕ್ಕ ಮರಳು ಉಜ್ಜುಕಾಗದದಂತೆ ನೆಲವನ್ನು ತೇಯ್ದು ಹೊಳಪನ್ನು ಕಳೆಯುತ್ತದೆ. ಆದ್ದರಿಂದ ಗುಡಿಸದೆ ಒರೆಸಬಾರದು.

ಆಸಿಡ್ಡಿನ ವಿಷಯವನ್ನು ತುಸು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಹಬ್ಬದ ಮುನ್ನಾದಿನ ನೆಲ ಥಳಥಳಿಸಬೇಕೆಂಬ ಆತುರದಲ್ಲಿ ಎಷ್ಟೋ ಒಳ್ಳೆಯ ನೆಲಗಳು ಹಾಳಾಗುತ್ತವೆ. ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು, ಕರಿಯ ಕಡಪಾ ಕಲ್ಲು, ಅಮೃತಶಿಲೆ, ಇವೆಲ್ಲವೂ ಸುಣ್ಣದ ಅಂಶವುಳ್ಳವು. ಇವುಗಳ ಮೇಲೆ ಒಂದು ಹನಿ ಆಸಿಡ್ ಬಿದ್ದೊಡನೆ ಬುಸ್ಸೆಂದು ಬಿಳಿಯ ನೊರೆ ಏಳುತ್ತದೆ. ಕೊಳೆ ಬಿಡುತ್ತಿದೆಯೆಂದು ನೋಡುವವರು ಸಂತೋಷಪಡುತ್ತಾರೆ. ವಾಸ್ತವವಾಗಿ ಅಲ್ಲಿ ಕರಗುತ್ತಿರುವುದು ಕಲ್ಲು, ಗುಳ್ಳೆಯಾಗಿ ಏಳುತ್ತಿರುವುದು ಇಂಗಾಲದ ಡೈಆಕ್ಸೈಡು. ನೀರು ಹಾಕಿ ತೊಳೆದರೆ ಆ ಜಾಗ ಮಂಕಾಗಿ, ಬೆರಳಿಗೆ ಒರಟಾಗಿ ತಾಗುತ್ತದೆ; ಆ ಒರಟಿನಲ್ಲಿ ಮರುದಿನದ ಕೊಳೆ ಮೊದಲಿಗಿಂತ ಬೇಗ ಕೂರುತ್ತದೆ. ಮೊಸಾಯಿಕ್ಕಿಗೂ ರೆಡ್ ಆಕ್ಸೈಡ್ ನೆಲಕ್ಕೂ ಇದೇ ಗತಿ. ಇಳಕಲ್ಲಿನ ಗ್ರಾನೈಟು ಅಷ್ಟು ಬೇಗ ಜಗ್ಗುವುದಿಲ್ಲವಾದರೂ, ಗ್ರಾನೈಟಿನ ಮತ್ತು ಟೈಲ್ಸಿನ ಸಂದುಗಳಲ್ಲಿರುವ ಸಿಮೆಂಟು ಸವೆದುಹೋಗುತ್ತದೆ. ಆಮ್ಲವೂ ಕ್ಷಾರವೂ ಅಲ್ಲದ ಸೌಮ್ಯ ದ್ರಾವಣ ಸ್ವಲ್ಪವೇ ಸಾಕು. ಹೆಚ್ಚು ಸೋಪು ಸುರಿದರೆ ಅದರ ಜಿಗುಟೇ ಧೂಳನ್ನು ಹಿಡಿದಿಡುತ್ತದೆ.

ಇನ್ನು ಒರೆಸುವ ಕ್ರಮ. ಒಂದೇ ಬಕೆಟ್ಟಿನಲ್ಲಿ ಅದ್ದಿ ಅದರಲ್ಲಿಯೇ ಹಿಂಡಿದರೆ ಮೂರನೆಯ ಸುತ್ತಿಗೆ ಕೊಳೆಯನ್ನು ಸಮನಾಗಿ ಹರಡಿದಂತಾಗುವುದಷ್ಟೆ. ದ್ರಾವಣಕ್ಕೊಂದು, ಹಿಂಡಲಿಕ್ಕೊಂದು, ಎರಡು ಬಕೆಟ್ಟುಗಳು ಬೇಕು. ವ್ಯಾಪಾರದ ಹೊತ್ತಿನಲ್ಲಿ ಇಡೀ ನೆಲವನ್ನು ನೆನೆಸದೆ, ಒಂದು ಪಾರ್ಶ್ವವನ್ನು ಒರೆಸಿ ಅದು ಆರಿದ ಮೇಲೆ ಇನ್ನೊಂದನ್ನು ಹಿಡಿಯುವುದು ಯುಕ್ತ. ಒದ್ದೆ ನೆಲದಲ್ಲಿ ಜಾರಿ ಬಿದ್ದ ವೃದ್ಧೆಯೊಬ್ಬಳ ಸೊಂಟದ ಮೂಳೆಗೆ ಯಾವ ಹಬ್ಬದ ಲಾಭವೂ ಸಮವಲ್ಲ.

ಆಯುಧಪೂಜೆಯ ದಿನ ಬೇರೊಂದು ಬಗೆಯ ಕೆಲಸ. ಕುಂಕುಮ ತುಂಬಿ ಒಡೆದ ಬೂದುಗುಂಬಳದ ತಿರುಳು, ಚೆಲ್ಲಿದ ಅರಿಸಿನ, ದೀಪದ ಎಣ್ಣೆ, ಕರ್ಪೂರದ ಮಸಿ, ತುಳಿದ ಚೆಂಡುಹೂವು ಎಲ್ಲವೂ ಬಾಗಿಲ ಬಳಿಯೇ ಕಲಸಿಹೋಗಿರುತ್ತವೆ. ಪೂಜೆ ಮುಗಿದೊಡನೆಯೇ ಇವನ್ನು ನೀರು ಹಾಕದೆಯೇ ಬಾಚಿ ತೆಗೆಯಬೇಕು. ಅರಿಸಿನಕ್ಕೆ ಸೋಪಿನ ನೀರು ತಗುಲಿತೋ, ಕೆಂಪಾಗಿ ಕಲ್ಲಿನ ರಂಧ್ರಗಳಿಗೆ ಇಳಿಯುತ್ತದೆ. ಎಣ್ಣೆಯ ಮೇಲೆ ಮರದ ಹೊಟ್ಟನ್ನೋ ಹಿಟ್ಟನ್ನೋ ಚೆಲ್ಲಿ, ಹೀರಿದ ಮೇಲೆ ಗುಡಿಸಬಹುದು.

ಇಷ್ಟನ್ನೂ ಮಾಡತಕ್ಕವರು ಯಾರು? ಗಿರಾಕಿಗಳೆಲ್ಲ ಹೋದ ಮೇಲೆ, ಊರಿಗೆ ಹೋಗುವ ಕೊನೆಯ ಬಸ್ಸಿನ ಚಿಂತೆಯಲ್ಲಿ, ಬರಿಗೈಯಲ್ಲಿ ನೆಲ ತಿಕ್ಕುವ ಹೆಂಗಸು. ಅವಳು ಆಸಿಡ್ಡಿಗೆ ಕೈಹಾಕುವುದು ಅಜ್ಞಾನದಿಂದಲ್ಲ, ಸಾವಕಾಶದ ಅಭಾವದಿಂದ. ಆ ಆಸಿಡ್ಡಿಗೆ ಬ್ಲೀಚಿಂಗ್ ಪೌಡರು ಬೆರೆತರೆ ಹುಟ್ಟುವ ಕ್ಲೋರಿನ್ ಅನಿಲ, ಮುಚ್ಚಿದ ಅಂಗಡಿಯಲ್ಲಿ, ಶ್ವಾಸಕೋಶಕ್ಕೆ ಮಾರಕ. ಎರಡು ಡಬ್ಬಗಳನ್ನೂ ಒಂದೇ ಮೂಲೆಯಲ್ಲಿ, ಹೆಸರು ಬರೆಯದೆ ಇಟ್ಟವರು ಯಜಮಾನರೇ. ಹಬ್ಬದ ತಿಂಗಳುಗಳಲ್ಲಿ ಮಾರಾಟಕ್ಕೆ ನಾಲ್ವರನ್ನು ಹೆಚ್ಚಾಗಿ ನೇಮಿಸಿಕೊಳ್ಳುವ ಅಂಗಡಿ ನೆಲಕ್ಕೂ ಒಬ್ಬರನ್ನು ಹೆಚ್ಚಾಗಿ ನೇಮಿಸಿಕೊಳ್ಳಲಿ. ಅವರಿಗೆ ಕೈಗವಸನ್ನೂ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಜನ ವಿರಳವಾದಾಗ ಅರ್ಧ ಗಂಟೆಯನ್ನೂ, ಹೆಚ್ಚಿನ ಹೊತ್ತಿಗೆ ಹೆಚ್ಚಿನ ಕೂಲಿಯನ್ನೂ ಕೊಡಲಿ.