ಯಾರ ಆಜ್ಞೆ ಮೇಲು?

ಗೋರಖಪುರದ ಸಮಾಜವಾದಿ ಕಾರ್ಯಕರ್ತನಾದ ಕೇಶವಸಿಂಗನು ಸಂಗಡಿಗರೊಡನೆ ಸೇರಿ ಒಂದು ಕರಪತ್ರವನ್ನು ಅಚ್ಚು ಹಾಕಿಸಿ ಹಂಚಿದನು. ಅದರಲ್ಲಿ ಶಾಸಕರೊಬ್ಬರ ಮೇಲೆ ಭ್ರಷ್ಟಾಚಾರದ ಆರೋಪವಿತ್ತು. ಉತ್ತರ ಪ್ರದೇಶದ ವಿಧಾನಸಭೆಯು ಇದನ್ನು ಹಕ್ಕುಚ್ಯುತಿಯೆಂದು ಬಗೆದು, 1964ರ ಮಾರ್ಚ್ 14ರಂದು ಆತನನ್ನು ಹಿಡಿತರಿಸಿ ಛೀಮಾರಿ ಹಾಕಿತು. ಆತನೋ ಸಭಾಧ್ಯಕ್ಷರಿಗೆ ಬೆನ್ನು ತಿರುಗಿಸಿ ನಿಂತನು! ಸಭೆಯ ವಾರಂಟನ್ನು 'ನಾದಿರಶಾಹಿ' ಎಂದು ಹಳಿದು ಪತ್ರವನ್ನೂ ಬರೆದಿದ್ದನು. ಏಳು ದಿನಗಳ ಸೆರೆವಾಸ ಪ್ರಾಪ್ತವಾಯಿತು.

ವಿಷಯ ಇಲ್ಲಿಗೇ ಮುಗಿದಿದ್ದರೆ ಅವನ ಹೆಸರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಮಾರ್ಚ್ 19ರಂದು ವಕೀಲ ಸಾಲೊಮನ್ನರು ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠದಲ್ಲಿ ಅರ್ಜಿ ಸಲ್ಲಿಸಿದರು. ನ್ಯಾಯಮೂರ್ತಿಗಳಾದ ಬೇಗ್ ಮತ್ತು ಸೆಹಗಲ್ ಜಾಮೀನು ನೀಡಿದರು. ಕೆರಳಿದ ವಿಧಾನಸಭೆಯು ಎರಡೇ ದಿನಗಳಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿತು: ಕೇಶವಸಿಂಗನನ್ನು, ಅವನ ವಕೀಲನನ್ನು, ಅಷ್ಟೇ ಅಲ್ಲ, ಆ ಇಬ್ಬರು ನ್ಯಾಯಮೂರ್ತಿಗಳನ್ನೂ ದಸ್ತಗಿರಿ ಮಾಡಿ ಸಭೆಯ ಮುಂದೆ ತರತಕ್ಕದ್ದು! ಮಾರ್ಚ್ 23ರಂದು 28 ನ್ಯಾಯಾಧೀಶರು ಒಟ್ಟಿಗೆ ಪೀಠದಲ್ಲಿ ಕುಳಿತು ಆ ನಿರ್ಣಯ ಜಾರಿಗೆ ಬಾರದಂತೆ ತಡೆದರು.

ಈಗ ಸರ್ಕಾರದ ನೌಕರನ ಪಾಡನ್ನು ಊಹಿಸಿ ನೋಡಿ. ಹಿಡಿದು ತಾ ಎನ್ನುತ್ತದೆ ಶಾಸಕಾಂಗ. ಮುಟ್ಟಬೇಡ ಎನ್ನುತ್ತದೆ ನ್ಯಾಯಾಂಗ. ಕೈಯಲ್ಲಿ ಬೇಡಿ ಹಿಡಿದ ಕಾರ್ಯಾಂಗ ಯಾರ ಮಾತನ್ನು ನಡೆಸಬೇಕು?

ಸಂವಿಧಾನವು ಗೆರೆಗಳನ್ನು ಎಳೆಯದೆ ಇರಲಿಲ್ಲ. ನ್ಯಾಯಾಧೀಶರ ಕರ್ತವ್ಯನಿರ್ವಹಣೆಯನ್ನು ಶಾಸನಸಭೆ ಚರ್ಚಿಸಕೂಡದೆಂದು 211ನೆಯ ವಿಧಿ. ಸಭೆಯ ನಡವಳಿಗಳ ಕ್ರಮವನ್ನು ನ್ಯಾಯಾಲಯ ಪ್ರಶ್ನಿಸಕೂಡದೆಂದು 212ನೆಯ ವಿಧಿ. ತೊಡಕಿದ್ದುದು 194ರಲ್ಲಿ. ಸಭೆಯ ಹಕ್ಕುಗಳನ್ನು ಕಾನೂನಿನಿಂದ ನಿರ್ಧರಿಸುವವರೆಗೆ ಬ್ರಿಟನ್ನಿನ ಕಾಮನ್ಸ್ ಸಭೆಯ ಹಕ್ಕುಗಳೇ ಇರಲೆಂದು ಅದು ಹೇಳಿತ್ತು. 1978ರ ತಿದ್ದುಪಡಿಯಲ್ಲಿ ಕಾಮನ್ಸ್ ಸಭೆಯ ಹೆಸರು ಅಳಿಯಿತು. ಹಕ್ಕುಗಳನ್ನು ಪೂರ್ತಿಯಾಗಿ ವಿವರಿಸುವ ಕಾನೂನು ಮಾತ್ರ ಹುಟ್ಟಲಿಲ್ಲ. ತಮ್ಮ ಅಧಿಕಾರಕ್ಕೆ ತಾವೇ ಬೇಲಿ ಹಾಕಿಕೊಳ್ಳಲು ಯಾರಿಗೆ ತಾನೆ ಆತುರ? 2017ರ ಜೂನ್ ತಿಂಗಳಿನಲ್ಲಿ ನಮ್ಮ ಕರ್ನಾಟಕ ವಿಧಾನಸಭೆಯು ಇಬ್ಬರು ಪತ್ರಕರ್ತರಿಗೆ ಒಂದು ವರ್ಷದ ಸೆರೆವಾಸ ವಿಧಿಸಿದಾಗಲೂ ಇದೇ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು.

1964ರ ಬಿಕ್ಕಟ್ಟಿನಲ್ಲಿ ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಯಾರಿಗೂ ಅಪ್ಪಣೆ ಮಾಡಲಿಲ್ಲ. 143ನೆಯ ವಿಧಿಯಂತೆ ಮಾರ್ಚ್ 26ರಂದು ಸುಪ್ರೀಂ ಕೋರ್ಟಿನ ಅಭಿಪ್ರಾಯವನ್ನು ಕೇಳಿದರು. ಏಳು ಮಂದಿಯ ಪೀಠ ಕುಳಿತಿತು. ಹೆಸರಿನಲ್ಲಿಯೇ ನಮ್ಮ ಗಜೇಂದ್ರಗಡವನ್ನು ಹೊತ್ತಿದ್ದ ಮುಖ್ಯ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು ಅದರ ಅಧ್ಯಕ್ಷರು. ಸೆಪ್ಟೆಂಬರ್ 30ರಂದು ಆರು ಮಂದಿ ಒಂದೇ ಅಭಿಪ್ರಾಯಕ್ಕೆ ಬಂದರು. ನ್ಯಾಯಮೂರ್ತಿ ಸರ್ಕಾರರು ಭಿನ್ನಮತ ಬರೆದರು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟು ಸಾರ್ವಭೌಮ. ಇಲ್ಲಿ ಮೂರು ಅಂಗಗಳೂ ಸಂವಿಧಾನಕ್ಕೆ ಅಧೀನ. ಸೆರೆಯಲ್ಲಿರುವ ಪ್ರಜೆಯ ಅರ್ಜಿಯನ್ನು ವಿಚಾರಿಸಲು ಹೈಕೋರ್ಟಿಗೆ ಅಧಿಕಾರವಿದೆ. ವಿಚಾರಿಸಿದ ನ್ಯಾಯಾಧೀಶರನ್ನು ಹಿಡಿತರಿಸಲು ಸಭೆಗೆ ಇಲ್ಲ. ಬಹುಮತದ ಅಭಿಪ್ರಾಯದ ಸಾರ ಇದು.

ಆದರೆ ಅರ್ಜಿಯನ್ನು ವಿಚಾರಿಸುವುದು ಬೇರೆ, ಪುರಸ್ಕರಿಸುವುದು ಬೇರೆ. ನಿಂದಿಸಿದವನನ್ನು ದಂಡಿಸುವ ಅಧಿಕಾರ ಸಭೆಗೆ ಇದ್ದೇ ಇದೆಯೆಂದು ಹೇಳಿ, 1965ರ ಮಾರ್ಚ್ ತಿಂಗಳಿನಲ್ಲಿ ಅಲಹಾಬಾದ್ ಹೈಕೋರ್ಟು ಕೇಶವಸಿಂಗನ ಅರ್ಜಿಯನ್ನು ವಜಾ ಮಾಡಿತು.