ಕುಡುಗೋಲು ಕಣದ ಮಕ್ಕಳ ದಿನಚರಿ

ಕುಂತೂರು, ಕೊಳ್ಳೇಗಾಲ, ಯಳಂದೂರುಗಳ ಬಯಲಿನವರಾದ ನಮಗೆ ಬಿಳಿಗಿರಿರಂಗನ ಬೆಟ್ಟವು ಪರಸ್ಥಳವಲ್ಲ. ಹರಕೆಯನ್ನು ಸಲ್ಲಿಸಲೆಂದೋ ಜಾತ್ರೆಯನ್ನು ನೋಡಲೆಂದೋ ಆ ಬೆಟ್ಟವನ್ನೇರದ ಮನೆ ಈ ಪ್ರಾಂತದಲ್ಲಿ ವಿರಳ. ಅಲ್ಲಿಯ ಸ್ವಾಮಿಯು ಸೋಲಿಗರ ಕನ್ಯೆಯಾದ ಕುಸುಮಾಲೆಯ ಕೈಹಿಡಿದನೆಂದೂ, ಆ ಕಾರಣದಿಂದ ಸೋಲಿಗರು ಅವನನ್ನು ‘ರಂಗಭಾವ’ ಎಂದು ಕರೆಯುವರೆಂದೂ ನಾವು ಬಲ್ಲೆವು. ನಮ್ಮ ದೇವರಿಗೇ ನಂಟರಾದವರು ನಮಗೂ ನಂಟರೆಂಬುದನ್ನು ಬೇರೆ ಹೇಳಬೇಕೆ? ಆದರೆ ಆ ನಂಟರ ಕೆಲವು ಮನೆಗಳಲ್ಲಿ ಮಕ್ಕಳು ಹುಟ್ಟುವಾಗಲೇ ಹೊತ್ತುಬರುವ ಒಂದು ರೋಗದ ವಿಚಾರವು ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವೈದ್ಯರು ಇದನ್ನು ಸಿಕಲ್ ಸೆಲ್ ಅನೀಮಿಯ ಎನ್ನುವರು. ಕನ್ನಡದಲ್ಲಿ ಕುಡುಗೋಲು ಕಣದ ರಕ್ತಹೀನತೆ ಎನ್ನಬಹುದು. ಆರೋಗ್ಯವಂತರ ರಕ್ತದ ಕೆಂಪು ಕಣಗಳು ದುಂಡಗೆ, ಮೆತ್ತಗೆ ಇದ್ದು ಅತಿ ಸೂಕ್ಷ್ಮವಾದ ನಾಳಗಳಲ್ಲಿಯೂ ಬಳುಕಿ ನುಸುಳುವುವು; ಸುಮಾರು 120 ದಿವಸ ಬಾಳುವುವು. ಈ ರೋಗವುಳ್ಳವರಲ್ಲಿಯಾದರೋ ಕಣದೊಳಗಿನ ಹಿಮೋಗ್ಲೋಬಿನ್ ಎಂಬ ವಸ್ತುವಿನ ರಚನೆಯಲ್ಲಿ ಅತ್ಯಲ್ಪವಾದ ಒಂದು ವ್ಯತ್ಯಾಸವುಂಟು. ಆಮ್ಲಜನಕವು ಕಡಿಮೆಯಾದೊಡನೆ ಕಣವು ಬಿರುಸಾಗಿ, ರಾಗಿಯ ತೆನೆಯನ್ನು ಕೊಯ್ಯುವ ಕುಡುಗೋಲಿನಂತೆ ಬಾಗುವುದು. ಬಾಗಿದ ಕಣಗಳು ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ದಾರಿಯನ್ನು ಕಟ್ಟುವುವು. ಹತ್ತಿಪ್ಪತ್ತು ದಿವಸಗಳಲ್ಲಿಯೇ ಒಡೆದುಹೋಗುವುವು. ದಾರಿ ಕಟ್ಟಿದಲ್ಲಿ ಎಲುಬು ಕೀಲುಗಳ ಸಹಿಸಲಾಗದ ವೇದನೆ. ಕಣಗಳು ಒಡೆಯುವುದರಿಂದ ಬಿಳಿಚಿಕೆ, ಕಾಮಾಲೆ, ಆಯಾಸ.

1910ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಎಂಬುವರು ಈ ವಿಕಾರದ ಕಣಗಳನ್ನು ಮೊದಲು ವರ್ಣಿಸಿದರು. 1952ರಲ್ಲಿ ಲೆಹ್ಮನ್, ಕಟ್‌ಬುಷ್ ಎಂಬ ವಿಜ್ಞಾನಿಗಳು ನಮ್ಮ ನೆರೆಯ ನೀಲಗಿರಿಯ ಗಿರಿಜನರಲ್ಲಿ ಇದನ್ನು ಕಂಡರು. 1981ರಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಬಳಿಕ ಸೋಲಿಗರಲ್ಲಿಯೂ ಈ ರೋಗದ ಪತ್ತೆ ಮತ್ತು ಚಿಕಿತ್ಸೆಗಳು ನಡೆದುಬಂದವು.

ಇದು ಯಾರ ಪಾಪದ ಫಲವೂ ಅಲ್ಲ, ಯಾವ ದೇವರ ಶಾಪವೂ ಅಲ್ಲ. ಮುಟ್ಟಿದರೆ ಅಂಟುವ ಜಾಡ್ಯವಂತೂ ಅಲ್ಲ. ನಮ್ಮ ಪ್ರಾಚೀನನಾದ ಸುಶ್ರುತನು ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸುವಾಗ, ತಾಯಿತಂದೆಗಳ ಬೀಜದಿಂದ ಬರತಕ್ಕವುಗಳನ್ನು ‘ಆದಿಬಲಪ್ರವೃತ್ತ’ಗಳೆಂದು ಮೊದಲಿಗೇ ಹೇಳಿರುವನು. ಇದು ಆ ವರ್ಗಕ್ಕೆ ಸೇರಿದುದು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ದೋಷಬೀಜಗಳು ಕೂಡಿದರೆ ಮಾತ್ರ ಮಗುವಿಗೆ ರೋಗ. ಒಂದೇ ಬೀಜವಿದ್ದವರು ಸಾಮಾನ್ಯವಾಗಿ ಸುಖವಾಗಿಯೇ ಬಾಳುವರು. ಅಷ್ಟೇ ಅಲ್ಲ, ಅಂತಹವರನ್ನು ಮಲೇರಿಯ ಜ್ವರವು ಸುಲಭವಾಗಿ ಕೊಲ್ಲಲಾರದು. ಮಲೇರಿಯದ ಕಾಡುಗಳಲ್ಲಿ ಈ ಬೀಜವು ತಲೆಮಾರುಗಳಿಂದ ಉಳಿದುಬಂದುದಕ್ಕೆ ಇದೇ ಕಾರಣ. ಹಿರಿಯರ ಪ್ರಾಣವನ್ನು ಕಾಯ್ದುದೇ ಮೊಮ್ಮಕ್ಕಳಿಗೆ ವೇದನೆಯಾಯಿತೆಂದರೆ ಸೃಷ್ಟಿಯ ವೈಚಿತ್ರ್ಯವನ್ನು ಏನೆನ್ನೋಣ!

ಹುಟ್ಟಿದ ಕೆಲವು ತಿಂಗಳು ಶಿಶುವು ಆರೋಗ್ಯದಿಂದಲೇ ಇರುವುದು. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಅದನ್ನು ಕಾಪಾಡುವುದು. ಅನಂತರ ಕೈಕಾಲುಗಳು ಬಾತು, ಮಗುವು ಕಾರಣ ತಿಳಿಯದೆ ರೋದಿಸತೊಡಗುವುದು. ಅಲ್ಲಿಂದ ಮುಂದೆ ಅದರ ಬಾಳಿಗೆ ದಿನಚರಿಯೇ ಆಧಾರ. ಹೊಸ ರಕ್ತದ ಉತ್ಪತ್ತಿಗಾಗಿ ದಿನವೂ ಫೋಲಿಕ್ ಆಮ್ಲದ ಗುಳಿಗೆ. ಐದು ವರ್ಷ ತುಂಬುವವರೆಗೆ ಸೋಂಕನ್ನು ತಡೆಯಲು ದಿನಕ್ಕೆರಡು ವೇಳೆ ಪೆನಿಸಿಲಿನ್. ವೈದ್ಯರು ಗೊತ್ತುಮಾಡಿದಂತೆ ಹೈಡ್ರಾಕ್ಸಿಯೂರಿಯ ಎಂಬ ಔಷಧ. ಈ ಕಡೆಯದು ಗರ್ಭಕಾಲದ ಹಿಮೋಗ್ಲೋಬಿನ್ನನ್ನು ಪುನಃ ಹೆಚ್ಚಿಸಿ ನೋವಿನ ಸರದಿಗಳನ್ನು ತಗ್ಗಿಸುವುದು. ಆದರೆ ಆಗಾಗ್ಗೆ ರಕ್ತಪರೀಕ್ಷೆಯಿಲ್ಲದೆ ಇದನ್ನು ಸೇವಿಸತಕ್ಕದ್ದಲ್ಲ. ಕಬ್ಬಿಣಾಂಶದ ಕೊರತೆಯಿಂದ ಬಂದ ರೋಗವಲ್ಲವಾದುದರಿಂದ ಕಬ್ಬಿಣದ ಟಾನಿಕ್ಕುಗಳಿಂದ ಇದು ವಾಸಿಯಾಗದು.

ಔಷಧದಷ್ಟೇ ಮುಖ್ಯವಾದುವು ಮನೆಯ ಎಚ್ಚರಿಕೆಗಳು. ಮಗುವು ಹೇರಳವಾಗಿ ನೀರು ಕುಡಿಯಬೇಕು. ಮಳೆಯಲ್ಲಿ ನೆನೆಯಬಾರದು, ಬೆಟ್ಟದ ಚಳಿಗೆ ಕಂಬಳಿ ಬೇಕು. ನೋವು ಬಂದಾಗ ಬೆಚ್ಚನೆಯ ಬಟ್ಟೆಯ ಶಾಖವು ಹಿತ, ತಣ್ಣೀರು ಅಹಿತ. ಎಡಪಕ್ಕೆಯ ಕೆಳಗೆ ಗುಲ್ಮವು ಬಾತಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದನ್ನು ತಾಯಿಯು ಕಲಿಯಬೇಕು. ಜ್ವರ, ಎದೆನೋವು, ಉಬ್ಬಸ, ಹಠಾತ್ತನೆ ಬಿಳಿಚುವಿಕೆ, ಮಾತು ತೊದಲುವಿಕೆ ಇವುಗಳಲ್ಲೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

“ಮಗು ಇವತ್ತು ಆಡಿಕೊಂಡಿದೆಯಲ್ಲ, ಗುಳಿಗೆ ಯಾಕೆ?” ಎಂಬ ಪ್ರಶ್ನೆಯು ಸಹಜವಾದುದು. ಆಡಿಕೊಂಡಿರುವುದು ಗುಳಿಗೆಯ ಫಲವೆಂಬುದೇ ಇದಕ್ಕೆ ಉತ್ತರ. ಪಶ್ಚಿಮ ದೇಶಗಳಲ್ಲಿ ಹೆಚ್ಚಾಗಿ ಕಂಡುಬರುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಇನ್ನೊಂದು ಕುಲಜರೋಗವನ್ನು ನೋಡಿರಿ. ಅದರಲ್ಲಿ ಕಫವು ಅಂಟಾಗಿ ಶ್ವಾಸಕೋಶಗಳಲ್ಲಿ ನಿಲ್ಲುವುದು, ಆಹಾರವು ಜೀರ್ಣಿಸದು. 1938ರಲ್ಲಿ ಡೊರೊತಿ ಆಂಡರ್ಸನ್ ಎಂಬ ವೈದ್ಯೆಯು ಅದನ್ನು ವಿವರಿಸಿದ ಕಾಲದಲ್ಲಿ ಆ ಮಕ್ಕಳಲ್ಲಿ ಬಹುಮಂದಿ ಶಾಲೆಯ ಮುಖವನ್ನೇ ಕಾಣದೆ ತೀರಿಹೋಗುತ್ತಿದ್ದರು. ದಿನದಿನವೂ ಎದೆಬೆನ್ನುಗಳನ್ನು ತಟ್ಟಿ ಕಫವನ್ನು ಸಡಿಲಿಸುವುದು, ಔಷಧದ ಹಬೆ, ಊಟದೊಡನೆ ಪಾಚಕದ ಗುಳಿಗೆ ಇವುಗಳನ್ನು ಬಿಡದೆ ನಡೆಸಿದುದರಿಂದಲೂ, ಮುಂದೆ ದೊರೆತ ಹೊಸ ಔಷಧಗಳಿಂದಲೂ ಇಂದು ಅಂತಹವರು ಬೆಳೆದು ಉದ್ಯೋಗ ಸಂಸಾರಗಳನ್ನು ನಡೆಸುತ್ತಿರುವರು. ರೋಗ ಬೇರೆಯಾದರೂ ನೀತಿ ಒಂದೇ. ನಿತ್ಯಕರ್ಮವನ್ನು ತಪ್ಪಿಸಿದವನಿಗೆ ಆ ದಿನವೇ ಕೇಡು ಕಾಣದು. ಕಾಣುವಾಗ ಕಾಲ ಮಿಂಚಿರುವುದು.

ಬಹುಕಾಲ ಪಾಠ ಹೇಳಿದವನಾದುದರಿಂದ ಉಪಾಧ್ಯಾಯರಿಗೆ ಎರಡು ಮಾತು ಹೇಳುವೆನು. ಈ ಮಕ್ಕಳಿಗೆ ಮೂತ್ರವು ಹೆಚ್ಚು. ನೀರನ್ನೂ ಹೆಚ್ಚಾಗಿ ಕುಡಿಯಬೇಕಾದುದರಿಂದ ಪಾಠದ ನಡುವೆ ಎದ್ದುಹೋಗಲು ಅಪ್ಪಣೆ ಕೇಳಿದರೆ ಗದರಿಸಬೇಡಿರಿ. ಓಟದ ಪಂದ್ಯದಲ್ಲಿ ಹಿಂದೆ ಬೀಳುವ, ತಿಂಗಳಿಗೆ ನಾಲ್ಕು ದಿನ ಹಾಜರಾಗದ ಬಾಲಕನನ್ನು ಸೋಮಾರಿಯೆಂದು ಕರೆಯುವ ಮುನ್ನ ಅವನ ಮನೆಯವರನ್ನು ವಿಚಾರಿಸಿರಿ. ನೋವಿನಿಂದ ಶಾಲೆ ತಪ್ಪಿದವನು ಅವಮಾನದಿಂದ ಶಾಲೆಯನ್ನೇ ಬಿಡಬಾರದು.

ಇನ್ನು ವಿವಾಹದ ವಿಚಾರ. ಒಂದೊಂದು ಬೀಜವುಳ್ಳ ಇಬ್ಬರು ದಂಪತಿಗಳಾದರೆ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವವು ನಾಲ್ಕರಲ್ಲಿ ಒಂದು ಪಾಲು. ಮೊದಲ ಮಗುವಿಗೆ ಬಂದುದರಿಂದ ಉಳಿದ ಮೂವರು ಪಾರಾದರೆಂದು ತಿಳಿಯುವುದು ಭ್ರಮೆ. ತಮ್ಮ ತಮ್ಮೊಳಗೇ ಕೊಟ್ಟು ತರುವ ಚಿಕ್ಕ ಸಮುದಾಯಗಳಲ್ಲಿ ಈ ಕೂಟವು ಸುಲಭವಾಗಿ ಒದಗುವುದು. ಸೋದರಮಾವನಿಗೆ ಹೆಣ್ಣು ಕೊಡುವ ಬಯಲಿನವರೂ ತಮಗೆ ಇಂತಹ ಭಯವಿಲ್ಲವೆಂದು ಹೆಮ್ಮೆಪಡುವಂತಿಲ್ಲ. 2023ನೆಯ ಜುಲೈ 1ರಂದು ಭಾರತ ಸರ್ಕಾರವು ಮಧ್ಯಪ್ರದೇಶದ ಶಹಡೋಲಿನಲ್ಲಿ ಈ ರೋಗದ ನಿರ್ಮೂಲನಕ್ಕಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 40 ವರ್ಷದವರೆಗಿನವರ ರಕ್ತವನ್ನು ಪರೀಕ್ಷಿಸಿ, ಫಲಿತಾಂಶದ ಕಾರ್ಡನ್ನು ಕೊಡುವುದು ಅದರ ಕ್ರಮ. 2047 ಅದರ ಗುರಿಯ ವರ್ಷ. ಜಾತಕವನ್ನು ಕೂಡಿಸುವವರು ಈ ಕಾರ್ಡುಗಳನ್ನೂ ಕೂಡಿಸಿ ನೋಡುವುದು ಲೇಸು. ಆದರೆ ಪರೀಕ್ಷೆಯು ಕಣ್ಣು ತೆರೆಸುವುದಕ್ಕಾಗಿಯೇ ಹೊರತು ಹೆಣ್ಣುಮಕ್ಕಳನ್ನು ಹಳಿಯುವುದಕ್ಕಲ್ಲ. ರೋಗಕ್ಕೆ ತಾಯಿತಂದೆಗಳಿಬ್ಬರ ಬೀಜವೂ ಸಮಾನವಾದ ಕಾರಣವೆಂಬುದನ್ನು ಅತ್ತೆಮನೆಯವರು ನೆನಪಿನಲ್ಲಿಡಬೇಕು.

ವಾಚಕ ಮಹಾಶಯರೇ, ಮುಂದಿನ ಸಲ ರಂಗನಾಥನ ದರ್ಶನಕ್ಕೆ ಹೋದಾಗ ದಾರಿಯ ಪೋಡುಗಳಲ್ಲಿ ಆಡುವ ಮಕ್ಕಳನ್ನು ಕಂಡರೆ ಸ್ಮರಿಸಿರಿ: ಅವರಲ್ಲಿ ಒಬ್ಬನು ಬೆಳಗ್ಗೆ ಗುಳಿಗೆಯನ್ನು ನುಂಗಿ, ನೀರಿನ ಬಾಟಲಿಯನ್ನು ಹೆಗಲಿಗೇರಿಸಿ, ನೋವಿಲ್ಲದ ಒಂದು ದಿನವನ್ನು ಪ್ರಯತ್ನದಿಂದ ಸಂಪಾದಿಸಿದವನಿರಬಹುದು. ಅಂತಹವನಿಗೆ ಬೇಕಾದುದು ಕನಿಕರಕ್ಕಿಂತ ಹೆಚ್ಚಾಗಿ, ತಪ್ಪದೆ ದೊರೆಯುವ ಔಷಧ, ಅರಿತ ಉಪಾಧ್ಯಾಯ, ಹಳಿಯದ ನೆರೆಹೊರೆ.